ಆಕಾಶದಿಂದ ಸಿಂಪರಣೆ: ತಗ್ಗು ಹಾರಾಟದ ಅಪಾಯಗಳು ಮತ್ತು ರೈತರು ವಹಿಸಬೇಕಾದ ಎಚ್ಚರಿಕೆಗಳು



ಭದ್ರಾ ನಾಲೆಯ ನೀರು ಹರಿಯುವ ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಬಯಲಿನಲ್ಲಿ ಭತ್ತದ ಪೈರು ತೆನೆ ಕಟ್ಟುವ ಹೊತ್ತಿಗೆ ಬೆಂಕಿ ರೋಗವೋ ಕಂದು ಜಿಗಿಹುಳುವೋ ಕಾಣಿಸಿಕೊಂಡರೆ ಎರಡು ಮೂರು ದಿನಗಳಲ್ಲಿ ಔಷಧಿ ಹೊಡೆದು ಮುಗಿಸಬೇಕಾಗುತ್ತದೆ. ಆಗಲೇ ಆಳುಗಳು ಸಿಗುವುದಿಲ್ಲ. ಕೆಸರು ಗದ್ದೆಯಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ದಿನವಿಡೀ ನಡೆಯಲು ಯಾರೂ ಒಪ್ಪುವುದಿಲ್ಲ. ಹೀಗಿರುವಾಗ ಮೇಲಿನಿಂದ ಹಾರಿಬಂದು ಕೆಲವೇ ನಿಮಿಷಗಳಲ್ಲಿ ಒಂದು ಎಕರೆಗೆ ಸಿಂಪಡಿಸುವ ಯಂತ್ರ ರೈತನಿಗೆ ವರವಾಗಿ ಕಾಣುವುದು ಸಹಜ. ಹಿಂದೆ ಈ ಕೆಲಸವನ್ನು ವಿಮಾನ ಮತ್ತು ಹೆಲಿಕಾಪ್ಟರುಗಳು ಮಾಡುತ್ತಿದ್ದವು. ಈಗ ನಮ್ಮ ಹಳ್ಳಿಗಳಿಗೆ ಡ್ರೋನು ಬಂದಿದೆ.

ಯಂತ್ರ ಹೊಸದಾದರೂ ಅಪಾಯ ಹೊಸದಲ್ಲ. ನೆಲಕ್ಕೆ ಹತ್ತಿರವಾಗಿ, ಭಾರ ಹೊತ್ತು, ವಿಷ ಸುರಿಯುತ್ತಾ ಹಾರುವ ಯಾವುದೇ ಯಂತ್ರಕ್ಕೂ ಕೆಲವು ನಿಯಮಗಳು ಒಂದೇ. ಹೆಲಿಕಾಪ್ಟರಿನ ಕಾಲದಲ್ಲಿ ಬಹು ಬೆಲೆ ತೆತ್ತು ಕಲಿತ ಪಾಠಗಳನ್ನು ತಿಳಿದುಕೊಂಡರೆ ಡ್ರೋನಿನ ಕಾಲದಲ್ಲಿ ಅದೇ ಬೆಲೆಯನ್ನು ಮತ್ತೆ ತೆರಬೇಕಾಗಿಲ್ಲ. ಈ ಲೇಖನದ ಉದ್ದೇಶ ಇಷ್ಟೇ.

ಹಿಂದಿನ ಅನುಭವ

ವಿಮಾನದಿಂದ ಬೆಳೆಗೆ ಕೀಟನಾಶಕ ಹಾಕುವ ಪ್ರಯೋಗ ಮೊದಲು ನಡೆದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೊ ರಾಜ್ಯದಲ್ಲಿ. ಕಂಬಳಿಹುಳು ಬಿದ್ದ ಕ್ಯಾಟಾಲ್ಪ ಮರಗಳ ತೋಪಿನ ಮೇಲೆ ಸೀಸದ ಆರ್ಸಿನೇಟ್ ಪುಡಿಯನ್ನು ಧೂಳೀಕರಿಸಲಾಯಿತು. ಅಲ್ಲಿಂದ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. ಕೇರಳದ ರಬ್ಬರ್ ತೋಟಗಳಲ್ಲಿ ಮಳೆಗಾಲದ ಎಲೆ ಉದುರುವ ರೋಗಕ್ಕೆ ಹೆಲಿಕಾಪ್ಟರಿನಿಂದ ತಾಮ್ರದ ಶಿಲೀಂಧ್ರನಾಶಕವನ್ನು ಸಿಂಪಡಿಸುವ ರೂಢಿ ಬಹಳ ಕಾಲ ಇತ್ತು. 2020ರಲ್ಲಿ ರಾಜಸ್ಥಾನಕ್ಕೆ ಮರುಭೂಮಿ ಮಿಡತೆ ನುಗ್ಗಿದಾಗ ಕೇಂದ್ರ ಸರ್ಕಾರ ಬೆಲ್ ಹೆಲಿಕಾಪ್ಟರೊಂದನ್ನು ಕಳುಹಿಸಿತು. ಅದು ಒಂದು ಸಲಕ್ಕೆ 250 ಲೀಟರ್ ಕೀಟನಾಶಕ ಹೊತ್ತು 25ರಿಂದ 50 ಹೆಕ್ಟೇರ್ ಪ್ರದೇಶಕ್ಕೆ ಸಿಂಪಡಿಸಬಲ್ಲದಾಗಿತ್ತು. ಅದೇ ಕಾರ್ಯಾಚರಣೆಯಲ್ಲಿ ಡ್ರೋನುಗಳನ್ನೂ ಬಳಸಲಾಯಿತು.

ಆದರೆ ಕನ್ನಡಿಗರಾದ ನಮಗೆ ಮರೆಯಲಾಗದ ಅನುಭವ ಇರುವುದು ಕಾಸರಗೋಡಿನಲ್ಲಿ. ಅಲ್ಲಿನ ಸರ್ಕಾರಿ ಒಡೆತನದ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಹತೋಟಿಗಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಎಂಡೋಸಲ್ಫಾನ್ ಔಷಧಿಯನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣಿನಗರ ಮುಂತಾದ ಕನ್ನಡ ಊರುಗಳು ಈ ತೋಟಗಳ ಬುಡದಲ್ಲೇ ಇವೆ. ಅಲ್ಲಿಯ ಜನ ಕುಡಿಯುವ ನೀರಿಗೆ ನಂಬಿರುವುದು ಗುಡ್ಡ ಕೊರೆದು ಮಾಡಿದ ಸುರಂಗ, ತೆರೆದ ಬಾವಿ ಮತ್ತು ತೋಡುಗಳನ್ನು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಲಿನ ಗೇರು ನೆಡುತೋಪುಗಳಲ್ಲಿಯೂ 1980ರ ದಶಕದಿಂದ ಇಂಥದೇ ಸಿಂಪರಣೆ ನಡೆಯಿತು. ಮಕ್ಕಳಲ್ಲಿ ಜನ್ಮದೋಷ, ನರಮಂಡಲದ ತೊಂದರೆ, ಬುದ್ಧಿಮಾಂದ್ಯ ಮುಂತಾದವು ಈ ಊರುಗಳಿಂದ ಒಂದರ ಮೇಲೊಂದು ವರದಿಯಾದವು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅದು ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಸೇರಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಅದೇ ನ್ಯಾಯಾಲಯ ಆದೇಶಿಸಿತು.

ಇಲ್ಲಿ ಔಷಧಿಯ ದೋಷ ಎಷ್ಟೋ, ಅದನ್ನು ಹಾಕಿದ ರೀತಿಯ ದೋಷವೂ ಅಷ್ಟೇ ಇತ್ತು. ಗೇರು ತೋಟಗಳಿದ್ದದ್ದು ಗುಡ್ಡ ಮತ್ತು ಕಣಿವೆಗಳ ನೆಲದಲ್ಲಿ. ಗುಡ್ಡದ ನೆತ್ತಿಯ ಮರಗಳಿಗೆ ಎರಡು ಮೂರು ಮೀಟರ್ ಮೇಲಿದ್ದ ಹೆಲಿಕಾಪ್ಟರು ಅದೇ ಮಟ್ಟದಲ್ಲಿ ಮುಂದೆ ಸಾಗಿದರೆ ಕಣಿವೆಯ ಮೇಲೆ ಬಹಳ ಎತ್ತರದಲ್ಲಿರುತ್ತದೆ. ಕಣಿವೆಯಲ್ಲಿಯೇ ಮನೆಗಳು, ಬಾವಿಗಳು ಇರುವುದು. ಪ್ರತಿ ಗುಡ್ಡಕ್ಕೂ ಏರಿ ಪ್ರತಿ ಕಣಿವೆಗೂ ಇಳಿಯುತ್ತಾ ಹಾರಿದರೆ ಚಾಲಕನ ಜೀವಕ್ಕೆ ಅಪಾಯ. ತಗ್ಗಿದರೆ ತಂತಿ ಮತ್ತು ಮರಗಳ ಭಯ, ಏರಿದರೆ ಗಾಳಿಯ ಭಯ. ಆಕಾಶದಿಂದ ಸಿಂಪಡಿಸುವ ಕೆಲಸದ ಮೂಲ ಕಷ್ಟವೇ ಇದು.

ತಗ್ಗಿನಲ್ಲೇ ಏಕೆ ಹಾರಬೇಕು?

ಸಿಂಪಡಿಸಿದ ಔಷಧಿ ಸಣ್ಣ ಸಣ್ಣ ಹನಿಗಳಾಗಿ ಇಳಿಯುತ್ತದೆ. ಹನಿಯ ಗಾತ್ರವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಹನಿ ಸಣ್ಣದಾದಷ್ಟೂ ನಿಧಾನವಾಗಿ ಇಳಿಯುತ್ತದೆ, ಗಾಳಿಯೊಡನೆ ದೂರ ಹೋಗುತ್ತದೆ. ಪೈರಿನಿಂದ 3 ಮೀಟರ್ ಮೇಲಿಂದ ಬಿಟ್ಟ ಹನಿಯು ಗಂಟೆಗೆ ಸುಮಾರು 7 ಕಿ.ಮೀ. ವೇಗದ ಮಂದ ಗಾಳಿಯಲ್ಲಿ ಎಷ್ಟು ದೂರ ತೇಲೀತು ಎಂಬ ಅಂದಾಜು ಹೀಗಿದೆ:

200 ಮೈಕ್ರಾನ್ ಹನಿ: ಸುಮಾರು 8 ಮೀಟರ್
100 ಮೈಕ್ರಾನ್ ಹನಿ: ಸುಮಾರು 22 ಮೀಟರ್
50 ಮೈಕ್ರಾನ್ ಹನಿ: ಸುಮಾರು 80 ಮೀಟರ್
20 ಮೈಕ್ರಾನ್ ಹನಿ: ಸುಮಾರು 500 ಮೀಟರ್

ಇದು ಹನಿ ತನ್ನ ಭಾರದಿಂದಲೇ ಇಳಿಯುವ ಲೆಕ್ಕ. ರೆಕ್ಕೆಗಳು ಕೆಳಕ್ಕೆ ತಳ್ಳುವ ಗಾಳಿ ಹನಿಗಳನ್ನು ಸ್ವಲ್ಪ ಬೇಗ ಇಳಿಸುತ್ತದೆಂಬುದು ನಿಜ. ಆದರೆ ರೆಕ್ಕೆಗಳ ತುದಿಯಲ್ಲಿ ಏಳುವ ಸುಳಿಗಾಳಿ ಕೆಲವು ಹನಿಗಳನ್ನು ಮೇಲಕ್ಕೂ ಎತ್ತುತ್ತದೆ. ಬಿಸಿಲಿನಲ್ಲಿ ಹನಿಯ ನೀರು ಆವಿಯಾಗಿ ದೊಡ್ಡ ಹನಿ ಸಣ್ಣದಾಗುವುದೂ ಉಂಟು. ಹಾರುವ ಎತ್ತರ 3 ಮೀಟರಿನಿಂದ 10 ಮೀಟರಿಗೆ ಏರಿದರೆ ಮೇಲಿನ ಪ್ರತಿಯೊಂದು ದೂರವೂ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಆದುದರಿಂದ ನೆರೆಯವರ ಬಾವಿ, ಕೆರೆ, ಹಿಪ್ಪುನೇರಳೆ ತೋಟ ಮತ್ತು ಜೇನುಪೆಟ್ಟಿಗೆಗಳನ್ನು ಕಾಪಾಡಬೇಕಾದರೆ ಯಂತ್ರ ತಗ್ಗಿನಲ್ಲಿಯೇ ಹಾರಬೇಕು. ತಗ್ಗಿನಲ್ಲಿ ಹಾರಿದ ಕೂಡಲೇ ಬೇರೆ ಅಪಾಯಗಳು ಎದುರಾಗುತ್ತವೆ.

ತಗ್ಗು ಹಾರಾಟದಲ್ಲಿ ಹೆಲಿಕಾಪ್ಟರಿಗೆ ಇರುವ ಅಪಾಯಗಳು

1. ವಿದ್ಯುತ್ ತಂತಿ: ಸಿಂಪರಣೆಯ ಹೆಲಿಕಾಪ್ಟರಿಗೆ ಅತಿ ದೊಡ್ಡ ಶತ್ರು ತಂತಿ. ನಮ್ಮ ಹೊಲಗಳ ಮೇಲೆ ಹಾದುಹೋಗುವ 11 ಕೆ.ವಿ. ಮಾರ್ಗದ ತಂತಿ ಸುಮಾರು ಒಂದು ಸೆಂಟಿಮೀಟರ್ ದಪ್ಪವಷ್ಟೇ. ಹಸಿರು ಪೈರು ಅಥವಾ ಮರಗಳ ಹಿನ್ನೆಲೆಯಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ಚಾಲಕನಿಗೆ ಕಾಣುವುದು ಕಂಬ ಮಾತ್ರ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹಾರುವವನು 100 ಮೀಟರನ್ನು 4 ಸೆಕೆಂಡಿನಲ್ಲಿ ದಾಟುತ್ತಾನೆ. ತಂತಿಯನ್ನು ಕಂಡು, ತಿಳಿದು, ಯಂತ್ರವನ್ನು ಎತ್ತುವಷ್ಟರಲ್ಲಿ ತಂತಿ ದಾಟಿರಬೇಕು, ಇಲ್ಲವೇ ತಂತಿಗೆ ಸಿಕ್ಕಿರಬೇಕು. ತಂತಿ ಅಲ್ಲಿದೆ ಎಂದು ಮೊದಲೇ ಗೊತ್ತಿದ್ದ ಚಾಲಕರೂ ಸಿಂಪರಣೆಯ ಗಮನದಲ್ಲಿ ಅದನ್ನು ಮರೆತು ಅಪಘಾತಕ್ಕೀಡಾದ ಉದಾಹರಣೆಗಳು ಹೊರದೇಶಗಳ ತನಿಖಾ ವರದಿಗಳಲ್ಲಿ ಬೇಕಾದಷ್ಟಿವೆ.

2. ಎಂಜಿನ್ ನಿಂತರೆ ಅವಕಾಶವಿಲ್ಲ: ಎಂಜಿನ್ ನಿಂತ ಕೂಡಲೇ ಹೆಲಿಕಾಪ್ಟರು ಕಲ್ಲಿನಂತೆ ಬೀಳುವುದಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೆಕ್ಕೆಗಳು ತಿರುಗುತ್ತವೆ. ಆ ಬಲದಿಂದ ಚಾಲಕ ಸುರಕ್ಷಿತವಾಗಿ ಇಳಿಯಬಹುದು. ಆದರೆ ಇದಕ್ಕೆ ಸಾಕಷ್ಟು ಎತ್ತರವೋ ಸಾಕಷ್ಟು ವೇಗವೋ, ಎರಡರಲ್ಲಿ ಒಂದಾದರೂ ಕೈಯಲ್ಲಿರಬೇಕು. ಸಾಲಿನ ಕೊನೆಯಲ್ಲಿ ವೇಗ ತಗ್ಗಿಸಿ ತಿರುಗುವಾಗ ಎರಡೂ ಇರುವುದಿಲ್ಲ.

3. ಭಾರ ಮತ್ತು ಸೆಕೆ: ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 15 ಡಿಗ್ರಿ ಸೆಂಟಿಗ್ರೇಡಿಗಿಂತ 35 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 6ರಷ್ಟು ಕಡಿಮೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಇನ್ನೂ ಸುಮಾರು ಅಷ್ಟೇ ಕಡಿಮೆ. ತೆಳುಗಾಳಿಯಲ್ಲಿ ರೆಕ್ಕೆಗಳಿಗೆ ಎತ್ತುವ ಬಲ ಕಡಿಮೆ. ಬೆಳಗಿನ ತಂಪಿನಲ್ಲಿ ಸುಲಭವಾಗಿ ಎದ್ದ ಯಂತ್ರ ಅದೇ ಭಾರ ಹೊತ್ತು ಮಧ್ಯಾಹ್ನ ಮರದ ಸಾಲನ್ನು ದಾಟಲಾರದೆ ಹೋಗಬಹುದು.

4. ತಿರುವು: ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ತಿರುಗುವ ಕೆಲಸ ದಿನಕ್ಕೆ ನೂರಾರು ಸಲ ನಡೆಯುತ್ತದೆ. ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ನಿಧಾನವಾಗಿ ತಿರುಗಿದರೆ ಬಾಲದ ರೆಕ್ಕೆಯ ಹಿಡಿತ ತಪ್ಪಿ ಯಂತ್ರ ಗಿರಕಿ ಹೊಡೆಯಬಹುದು. ತನ್ನದೇ ರೆಕ್ಕೆ ತಳ್ಳಿದ ಗಾಳಿಯೊಳಗೆ ಬೇಗ ಇಳಿದರೆ ಎತ್ತುವ ಬಲವೇ ಕುಸಿಯಬಹುದು. ಎರಡಕ್ಕೂ ತಗ್ಗಿನಲ್ಲಿ ಪರಿಹಾರಕ್ಕೆ ಸಮಯವಿಲ್ಲ.

5. ಔಷಧಿಯ ವಿಷ: ರಂಜಕಯುಕ್ತ ಕೀಟನಾಶಕಗಳು ಮೈಗೆ ತಾಗಿದರೆ ಕಣ್ಣಿನ ಪಾಪೆ ಕಿರಿದಾಗಿ ದೃಷ್ಟಿ ಮಂಕಾಗುತ್ತದೆ. ತಲೆನೋವು, ಬೆವರು, ವಾಕರಿಕೆ ಬರುತ್ತವೆ. ನೆಲದ ಮೇಲಿರುವವನಿಗೆ ಇದು ಕಾಯಿಲೆ. ತಂತಿಗಳ ನಡುವೆ ಹಾರುತ್ತಿರುವ ಚಾಲಕನಿಗೆ ಇದು ಸಾವು.

ನೆಲದ ಮೇಲಿರುವವರ ಅಪಾಯ

ಹೆಲಿಕಾಪ್ಟರು ಇಳಿದ ಜಾಗಕ್ಕೆ ಜನ ಓಡಿಬರುವುದು ಸಾಮಾನ್ಯ. ತಿರುಗುತ್ತಿರುವ ಬಾಲದ ರೆಕ್ಕೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಿಂದಿನಿಂದ ಎಂದೂ ಹತ್ತಿರ ಹೋಗಬಾರದು. ಮೇಲಿನ ದೊಡ್ಡ ರೆಕ್ಕೆಗಳು ನಿಧಾನವಾದಾಗ ಕೆಳಕ್ಕೆ ಜೋಲುತ್ತವೆ. ಇಳಿಜಾರಿನಲ್ಲಿ ನಿಂತ ಹೆಲಿಕಾಪ್ಟರಿನ ಮೇಲಿನ ಮಗ್ಗುಲಿನಿಂದ ಬರುವವನ ತಲೆಗೆ ಅವು ತಾಗಬಹುದು. ಚಾಲಕ ನೋಡಿ ಕೈಸನ್ನೆ ಮಾಡಿದ ಮೇಲೆಯೇ, ಅವನ ಕಣ್ಣಿಗೆ ಬೀಳುವಂತೆ ಮುಂದಿನಿಂದ, ಬಗ್ಗಿಕೊಂಡು ಹೋಗಬೇಕು. ಟಾರ್ಪಾಲು, ಗೊಬ್ಬರದ ಖಾಲಿ ಚೀಲ, ಹುಲ್ಲು, ಟವೆಲು ಯಾವುದೂ ಸುತ್ತಮುತ್ತ ಸಡಿಲವಾಗಿರಕೂಡದು.

ಹಿಂದಿನ ಕಾಲದಲ್ಲಿ ಸಾಲು ತೋರಿಸಲು ಗದ್ದೆಯ ತುದಿಯಲ್ಲಿ ಬಾವುಟ ಹಿಡಿದು ಆಳುಗಳನ್ನು ನಿಲ್ಲಿಸುತ್ತಿದ್ದರು. ಯಂತ್ರ ಹಾದುಹೋದಷ್ಟು ಸಲವೂ ಔಷಧಿ ಅವರ ಮೈಮೇಲೆ ಬೀಳುತ್ತಿತ್ತು. ಈಗ ಉಪಗ್ರಹದ ನೆರವಿನಿಂದ ದಾರಿ ತಿಳಿಯುವ ಯಂತ್ರಗಳಿಗೆ ಬಾವುಟದವರು ಬೇಕಾಗಿಲ್ಲ. ಆದರೂ ಬದುವಿನ ಮೇಲೆ ನಿಂತು ನೋಡುವ ಅಭ್ಯಾಸ ಹೋಗಿಲ್ಲ.

ಡ್ರೋನಿಗೂ ಇದೇ ನಿಯಮ

ಡ್ರೋನಿನಲ್ಲಿ ಚಾಲಕ ಕುಳಿತಿರುವುದಿಲ್ಲ. ಆದುದರಿಂದ ಅಪಾಯವಿಲ್ಲವೆಂದು ಹಲವರು ತಿಳಿಯುತ್ತಾರೆ. ಇದು ತಪ್ಪು. 10 ಲೀಟರ್ ತೊಟ್ಟಿಯ ಡ್ರೋನು ತುಂಬಿದಾಗ ಸುಮಾರು 25 ಕಿ.ಗ್ರಾಂ. ತೂಗುತ್ತದೆ. ಅದರ ರೆಕ್ಕೆಗಳು ಕೈಬೆರಳನ್ನು ಕತ್ತರಿಸಬಲ್ಲವು, ಮಗುವಿನ ಕಣ್ಣನ್ನು ಕಳೆಯಬಲ್ಲವು.

ಭದ್ರಾವತಿ ಬಳಿಯ ಒಂದು ಹಳ್ಳಿಯಲ್ಲಿ ನಾನು ನಡೆಸಿದ ಪ್ರಾತ್ಯಕ್ಷಿಕೆಯ ವಿಷಯ ಹೇಳುತ್ತೇನೆ. ಕಂಬಗಳನ್ನು ಗುರುತಿಸಿದ್ದೆವು, ದೊಡ್ಡ ತಂತಿಯಿಂದ ದೂರವೇ ಇದ್ದೆವು. ಆದರೆ ಒಂದು ಕಂಬದಿಂದ ಪಂಪ್‌ಸೆಟ್ ಮನೆಗೆ ಎಳೆದಿದ್ದ ಸಣ್ಣ ತಂತಿ ತೆಂಗಿನ ಗರಿಗಳ ಮರೆಯಲ್ಲಿತ್ತು. ಡ್ರೋನು ಅದಕ್ಕೆ ತಗುಲಿ ಬದುವಿನ ಮೇಲೆ ಬಿತ್ತು. ಹತ್ತು ಹೆಜ್ಜೆ ಆಚೆ ಶಾಲೆಯ ಮಕ್ಕಳು ನಿಂತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಮಕ್ಕಳನ್ನು ಅಲ್ಲಿ ನಿಲ್ಲಲು ಬಿಟ್ಟ ತಪ್ಪು ನನ್ನದು. ಗದ್ದೆಯ ಯಜಮಾನರು ಆಮೇಲೆ, "ಆ ತಂತಿ ಇರೋದು ನನಗೆ ಗೊತ್ತಿತ್ತು ಸಾರ್, ನೀವು ಕೇಳಲಿಲ್ಲ" ಎಂದರು. ಅಂದಿನಿಂದ ನಾನು ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ಗದ್ದೆಯವರ ಜೊತೆ ಬದುಗಳನ್ನೆಲ್ಲಾ ಒಂದು ಸುತ್ತು ನಡೆಯುತ್ತೇನೆ. ನಿಮ್ಮ ಗದ್ದೆಯ ತಂತಿ ನಿಮಗೆ ಗೊತ್ತು, ಹಾರಿಸಲು ಬಂದವನಿಗೆ ಗೊತ್ತಿಲ್ಲ. ಅವನು ಕೇಳದಿದ್ದರೂ ನೀವು ಹೇಳಬೇಕು.

ಡ್ರೋನಿಗೇ ವಿಶೇಷವಾದ ಇನ್ನು ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು, ಮಿಶ್ರಣದ ತೀವ್ರತೆ. ಕೈಸ್ಪ್ರೇಯರಿನಲ್ಲಿ ಒಂದು ಎಕರೆ ಭತ್ತಕ್ಕೆ ಸುಮಾರು 200 ಲೀಟರ್ ದ್ರಾವಣ ಬಳಸುತ್ತೇವೆ. ಡ್ರೋನಿನಲ್ಲಿ ಸುಮಾರು 10 ಲೀಟರ್. ಎಕರೆಗೆ ಹಾಕುವ ಔಷಧಿ ಅಷ್ಟೇ ಆದರೆ ದ್ರಾವಣ 20 ಪಟ್ಟು ಗಟ್ಟಿ. ತೊಟ್ಟಿ ತುಂಬುವವನ ಕೈಮೇಲೆ ಬಿದ್ದ ಒಂದು ಹನಿಯಲ್ಲಿ ಹಿಂದಿನ 20 ಹನಿಗಳ ವಿಷವಿರುತ್ತದೆ. ಕೈಗವಸಿಲ್ಲದೆ ತೊಟ್ಟಿಯನ್ನು ಮುಟ್ಟಕೂಡದು.

ಎರಡನೆಯದು, ಸಂಪರ್ಕ ತಪ್ಪಿದಾಗಿನ ನಡವಳಿಕೆ. ರಿಮೋಟಿನ ಸಂಪರ್ಕ ಕಡಿದುಹೋದರೆ ಡ್ರೋನು ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರ ದಾರಿಯಲ್ಲಿ ಹಿಂತಿರುಗುತ್ತದೆ. ಆ ಎತ್ತರ ನಿಮ್ಮ ತೆಂಗು, ಅಡಿಕೆ ಮರಗಳಿಗಿಂತ ಕಡಿಮೆಯಿದ್ದರೆ ಮರಕ್ಕೆ ಹೊಡೆಯುತ್ತದೆ. ಸುತ್ತಲಿನ ಅತಿ ಎತ್ತರದ ಮರ ಯಾವುದೆಂದು ಚಾಲಕನಿಗೆ ತೋರಿಸಿರಿ.

ಮೂರನೆಯದು, ಬ್ಯಾಟರಿ. ಬಿದ್ದು ಜಜ್ಜಿದ ಅಥವಾ ಉಬ್ಬಿದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತಿನ ಮೇಲೂ ಹೊತ್ತಿಕೊಳ್ಳಬಹುದು. ಅದನ್ನು ಹುಲ್ಲಿನ ಬಣವೆ, ಕೊಟ್ಟಿಗೆ, ವಾಹನ ಇವುಗಳಿಂದ ದೂರ, ಬರಿನೆಲದಲ್ಲಿ ಇಡಬೇಕು.

ವಿಮಾನ ನಿಲ್ದಾಣದ ನೆರೆಯವರಿಗೆ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನಗಳು ಬರತೊಡಗಿದವು. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಚಾಲ್ತಿಯಲ್ಲಿರುವ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿ.ಮೀ. ವರೆಗೆ ನೆಲಮಟ್ಟದಿಂದಲೇ ಹಳದಿ ವಲಯ. 8ರಿಂದ 12 ಕಿ.ಮೀ. ವರೆಗೆ 200 ಅಡಿಯ ಮೇಲೆ ಹಳದಿ ವಲಯ. ಹಳದಿ ವಲಯದಲ್ಲಿ ವಿಮಾನ ಸಂಚಾರ ನಿಯಂತ್ರಣದ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ ತಿಳಿಸುವಂತೆ ಡ್ರೋನಿನವರನ್ನು ಕೇಳಿರಿ. "ನಮ್ಮ ಗದ್ದೆ, ನಮ್ಮ ಇಷ್ಟ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇಳಿಯುತ್ತಿರುವ ವಿಮಾನದಲ್ಲಿರುವವರ ಜೀವ ಅದರಲ್ಲಿದೆ.

ಮೇಲಿನಿಂದ ಹೊಡೆಯುವುದು ಎಲ್ಲದಕ್ಕೂ ಮದ್ದಲ್ಲ

ಅಪಾಯವನ್ನು ಕಡಿಮೆ ಮಾಡುವ ಅತಿ ಸುಲಭದ ದಾರಿಯೆಂದರೆ ಬೇಡದ ಹಾರಾಟವನ್ನು ಬಿಡುವುದು. ಭತ್ತದ ಎಲೆ ಮತ್ತು ತೆನೆಯ ಬೆಂಕಿ ರೋಗಕ್ಕೆ ಮೇಲಿನಿಂದ ಬಿದ್ದ ಹನಿ ತಲುಪುತ್ತದೆ. ಕಂದು ಜಿಗಿಹುಳು ಇರುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬುಡದಲ್ಲಿ. ದಟ್ಟವಾಗಿ ಬೆಳೆದ ಪೈರಿನ ಮೇಲೆ ಎಕರೆಗೆ 10 ಲೀಟರ್ ಸಿಂಪಡಿಸಿದರೆ ಬುಡಕ್ಕೆ ತಲುಪುವುದು ಸ್ವಲ್ಪವೇ. ಮೊದಲು ಗದ್ದೆಯ ನೀರು ಬಸಿದು, ಪೈರನ್ನು ಪಟ್ಟೆ ಪಟ್ಟೆಯಾಗಿ ಬಿಡಿಸಿ ಬುಡಕ್ಕೆ ಹೊಡೆಯುವುದೇ ಅಲ್ಲಿ ಸರಿ.

ಅಡಿಕೆಯಲ್ಲಿ ಈ ಮಾತು ಇನ್ನೂ ಮುಖ್ಯ. ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಕೊನೆಯ ಪ್ರತಿ ಕಾಯಿಗೂ ತಗುಲಬೇಕು. ಕೊನೆ ಇರುವುದು ಹೆಡೆಗಳ ಕೆಳಗೆ. ಮೇಲಿನಿಂದ ಬಿದ್ದದ್ದು ಹೆಡೆಯ ಮೇಲೆಯೇ ಉಳಿಯುತ್ತದೆ. ಕೊನೆಗಾರ ಮರ ಹತ್ತಿ ಹೊಡೆಯುವುದನ್ನು, ಇಲ್ಲವೇ ದೋಟಿಯಿಂದ ಕೆಳಗಿನಿಂದ ಹೊಡೆಯುವುದನ್ನು ಡ್ರೋನು ಈ ರೋಗದಲ್ಲಿ ಬದಲಿಸಲಾರದು. ದೋಟಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ತನ್ನು ಹರಿಸುತ್ತದೆ. ತಂತಿಯ ಬಳಿಯ ಮರಗಳಲ್ಲಿ ವಿದ್ಯುತ್ ಕಡಿತ ಮಾಡಿಸದೆ ದೋಟಿ ಎತ್ತಬಾರದು.

ಕಾನೂನು ಏನು ಹೇಳುತ್ತದೆ?

1968ರ ಕೀಟನಾಶಕ ಕಾಯಿದೆಯಡಿ ಬಂದ 1971ರ ನಿಯಮಾವಳಿಯ 43ನೆಯ ನಿಯಮ ಆಕಾಶ ಸಿಂಪರಣೆಗೆ ಸಂಬಂಧಿಸಿದ್ದು. ಸಿಂಪರಣೆಯ ಪ್ರದೇಶವನ್ನು ಗುರುತು ಮಾಡುವ ಹೊಣೆ ಸಿಂಪಡಿಸುವವರದು. ಒಪ್ಪಿಗೆ ಪಡೆದ ಔಷಧಿಯನ್ನು ಒಪ್ಪಿಗೆಯ ಪ್ರಮಾಣ ಮತ್ತು ಎತ್ತರದಲ್ಲಿಯೇ ಬಳಸಬೇಕು. ತೊಳೆದುಕೊಳ್ಳಲು ಮತ್ತು ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಇರಬೇಕು. ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು. ಸಂಬಂಧಪಡದ ಜನ ಮತ್ತು ದನಕರುಗಳು ಗೊತ್ತಾದ ಅವಧಿಯವರೆಗೆ ಒಳಗೆ ಬರದಂತೆ ತಡೆಯಬೇಕು. ಔಷಧಿಯ ವಿಷಲಕ್ಷಣಗಳ ವಿಷಯದಲ್ಲಿ ಚಾಲಕನಿಗೆ ತರಬೇತಿ ಇರಬೇಕು. ಡ್ರೋನಿನಿಂದ ಔಷಧಿ ಹೊಡೆಯುವ ಕ್ರಮದ ಬಗ್ಗೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪ್ರತ್ಯೇಕ ಕಾರ್ಯವಿಧಾನವನ್ನು ಹೊರಡಿಸಿದೆ.

ನಿಯಮ ಕಾಗದದಲ್ಲಿದ್ದರೆ ಸಾಲದು ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. 1971ರ ನಿಯಮ ಅಲ್ಲಿ ಹೆಲಿಕಾಪ್ಟರು ಹಾರುವುದಕ್ಕೆ ಮೊದಲೇ ಇತ್ತು.

ರೈತರು ಅನುಸರಿಸಬೇಕಾದ ಕ್ರಮಗಳು

ಹಿಂದಿನ ದಿನ:
1. ಗದ್ದೆಯ ಒಂದು ಕೈನಕ್ಷೆ ಬರೆಯಿರಿ. ಕಂಬ, ತಂತಿ, ಪಂಪ್‌ಸೆಟ್ ತಂತಿ, ಆಧಾರ ತಂತಿ, ಎತ್ತರದ ಮರ, ಬಾವಿ, ಕೆರೆ, ಮನೆ, ಶಾಲೆ ಎಲ್ಲವನ್ನೂ ಗುರುತಿಸಿ ಚಾಲಕನಿಗೆ ಕೊಡಿರಿ. ಅವನೊಡನೆ ಬದುಗಳ ಮೇಲೆ ಒಂದು ಸುತ್ತು ನಡೆಯಿರಿ.
2. ತಂತಿಯಿಂದ ಕನಿಷ್ಠ 10 ಮೀಟರ್ ಬಿಡಿಸಿ ಹಾರಿಸಲು ಹೇಳಿರಿ. ಉಳಿದ ಪಟ್ಟಿಗೆ ಕೈಸ್ಪ್ರೇಯರಿನಿಂದಲೇ ಹೊಡೆಯಿರಿ.
3. ನೆರೆಹೊರೆಯವರಿಗೆ, ಜೇನು ಮತ್ತು ರೇಷ್ಮೆ ಸಾಕುವವರಿಗೆ, ಮೀನು ಬಿಟ್ಟಿರುವವರಿಗೆ 24 ಗಂಟೆ ಮೊದಲೇ ತಿಳಿಸಿರಿ. ಬಾವಿ, ನೀರಿನ ತೊಟ್ಟಿಗಳನ್ನು ಮುಚ್ಚಿರಿ.
4. ಚಾಲಕನ ಪ್ರಮಾಣಪತ್ರವನ್ನೂ ಡ್ರೋನಿನ ನೋಂದಣಿ ಸಂಖ್ಯೆಯನ್ನೂ ನೋಡಲು ಕೇಳಿರಿ. ಕೇಳುವುದು ಅವಮಾನವಲ್ಲ.

ಸಿಂಪಡಿಸುವ ದಿನ:
5. ಗಾಳಿಯನ್ನು ಪರೀಕ್ಷಿಸಿರಿ. ಗಾಳಿ ಮುಖಕ್ಕೆ ತಾಗಿ ಎಲೆ ಸ್ವಲ್ಪ ಸರಬರ ಎಂದರೆ ಗಂಟೆಗೆ 6ರಿಂದ 11 ಕಿ.ಮೀ. ವೇಗ. ಎಲೆ ಮತ್ತು ಸಣ್ಣ ರೆಂಬೆಗಳು ಒಂದೇ ಸಮನೆ ಅಲುಗಾಡಿದರೆ 12 ಕಿ.ಮೀ.ಗಿಂತ ಹೆಚ್ಚು. ಆಗ ನಿಲ್ಲಿಸಿರಿ.
6. ಗಾಳಿ ಪೂರ್ತಿ ನಿಂತಿರುವುದೂ ಒಳ್ಳೆಯದಲ್ಲ. ಮಂಜು ಕವಿದ ಬೆಳಗಿನಲ್ಲಿ ನೆಲದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗಿದ್ದು ಮುಚ್ಚಳದಂತಿರುತ್ತದೆ. ಹಸಿಹುಲ್ಲಿಗೆ ಬೆಂಕಿಯಿಟ್ಟು ನೋಡಿರಿ. ಹೊಗೆ ಸ್ವಲ್ಪ ಏರಿ ಅಡ್ಡಡ್ಡ ಹರಡಿದರೆ ಸಣ್ಣ ಹನಿಗಳೂ ಹಾಗೆಯೇ ಊರ ಕಡೆಗೆ ತೇಲುತ್ತವೆ. ಬಿಸಿಲೇರಿ ಹೊಗೆ ಮೇಲೆದ್ದು ಚದುರುವವರೆಗೆ ಕಾಯಿರಿ.
7. ಜೇನು ಹಾರಾಡುವ ಹೊತ್ತಿನಲ್ಲಿ ಹೊಡೆಯಬೇಡಿರಿ. ಕೆರೆ, ನಾಲೆಗಳ ಪಕ್ಕದಲ್ಲಿ ಮೀನಿಗೆ ಮಾರಕವಾದ ಪೈರೆಥ್ರಾಯ್ಡ್ ಕೀಟನಾಶಕಗಳನ್ನು ಬಳಸಬೇಡಿರಿ.
8. ಮಕ್ಕಳನ್ನೂ ದನಗಳನ್ನೂ ದೂರವಿಡಿರಿ. ನೋಡುವವರು ಗಾಳಿ ಬರುವ ದಿಕ್ಕಿನಲ್ಲಿ, ಕನಿಷ್ಠ 50 ಮೀಟರ್ ಆಚೆ ನಿಲ್ಲಲಿ.
9. ತೊಟ್ಟಿ ತುಂಬುವವರು ಕೈಗವಸು, ಮುಖಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಧರಿಸಲಿ. ರೆಕ್ಕೆ ಪೂರ್ತಿ ನಿಂತ ಮೇಲೆಯೇ ಹತ್ತಿರ ಹೋಗಲಿ.

ಸಿಂಪಡಿಸಿದ ಮೇಲೆ:
10. ತೊಳೆದ ನೀರನ್ನು ನಾಲೆಗೆ ಬಿಡಬೇಡಿರಿ. ಖಾಲಿ ಡಬ್ಬಗಳನ್ನು ತೂತು ಮಾಡಿರಿ, ಮನೆಬಳಕೆಗೆ ತರಬೇಡಿರಿ.
11. ಚೀಟಿಯಲ್ಲಿ ಹೇಳಿದ ಅವಧಿ ಮುಗಿಯುವವರೆಗೆ ಗದ್ದೆಗೆ ಇಳಿಯಬೇಡಿರಿ, ಬದುವಿನ ಹುಲ್ಲನ್ನು ದನಗಳಿಗೆ ಕೊಯ್ಯಬೇಡಿರಿ.

ಅಪಘಾತವಾದರೆ

ತಂತಿಗೆ ಸಿಕ್ಕಿಕೊಂಡ ಡ್ರೋನನ್ನು ಕೋಲಿನಿಂದಲೋ ದೋಟಿಯಿಂದಲೋ ಬಿಡಿಸಲು ಹೋಗಬೇಡಿರಿ. ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ, ಗದ್ದೆಯಲ್ಲಿ ನೀರಿದ್ದರೆ ಇನ್ನೂ ದೂರ ನಿಲ್ಲಿರಿ. ಮೆಸ್ಕಾಂ ಲೈನ್‌ಮನ್ ಬಂದು ವಿದ್ಯುತ್ ಕಡಿತವಾಗಿದೆಯೆಂದು ಹೇಳುವವರೆಗೆ ಯಾರೂ ಇಳಿಯಬಾರದು. ಡ್ರೋನು ಹೋದರೆ ಹೋಗಲಿ.

ಔಷಧಿ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಸೋಪು ಹಚ್ಚಿ ಧಾರಾಳವಾದ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ತಿಳಿನೀರು ಹಾಯಿಸಿರಿ. ಹೊಟ್ಟೆಗೆ ಹೋಗಿದ್ದರೆ ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿರಿ. ಬೆವರು, ವಾಕರಿಕೆ, ಕಣ್ಣು ಮಂಜಾಗುವಿಕೆ ಕಂಡರೆ ತಡಮಾಡದೆ ಔಷಧಿಯ ಚೀಟಿಯೊಡನೆ ಆಸ್ಪತ್ರೆಗೆ ಕರೆದೊಯ್ಯಿರಿ. ಚೀಟಿ ನೋಡಿದರೆ ವೈದ್ಯರಿಗೆ ಪ್ರತಿವಿಷ ಯಾವುದೆಂದು ತಿಳಿಯುತ್ತದೆ.

ಕೊನೆಯದಾಗಿ

2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ಗುರಿ ಇಡಲಾಯಿತು. ಹಾರಿಸುವವರು ಹೊರಗಿನವರೇ ಆಗಬೇಕಾಗಿಲ್ಲ, ನಮ್ಮ ಊರಿನ ಅಕ್ಕತಂಗಿಯರೂ ಆಗಬಹುದು. ಅವರಿಗೆ ಬೇಕಾದದ್ದು ಹೊಗಳಿಕೆಯಷ್ಟೇ ಅಲ್ಲ, ತಂತಿಯನ್ನು ತೋರಿಸುವ ರೈತ, "ಇಂದು ಗಾಳಿ ಸರಿಯಿಲ್ಲ" ಎಂದಾಗ ಬೇಸರಿಸದೆ ಕಾಯುವ ರೈತ.

ಒಟ್ಟಿನಲ್ಲಿ ಹೇಳುವುದಾದರೆ, ತಗ್ಗು ಹಾರಾಟದ ಯಂತ್ರ ಒಳ್ಳೆಯ ಆಳು, ಆದರೆ ಕಣ್ಣಿಲ್ಲದ ಆಳು. ಅದರ ಕಣ್ಣು ನೀವಾಗಬೇಕು. ಒಂದು ದಿನ ತಡವಾದರೆ ಬೆಳೆಯಲ್ಲಿ ಸ್ವಲ್ಪ ನಷ್ಟವಾದೀತು. ಕಾಸರಗೋಡಿನ ತಾಯಂದಿರು ಅನುಭವಿಸುತ್ತಿರುವ ನಷ್ಟಕ್ಕೆ ಯಾವ ಬೆಳೆಯ ಬೆಲೆಯೂ ಸಾಟಿಯಲ್ಲ. ಮುಂದಿನ ಸಲ ಸಿಂಪರಣೆಗೆ ದಿನ ಗೊತ್ತುಮಾಡುವ ಮೊದಲು ಈ ಹನ್ನೊಂದು ಅಂಶಗಳನ್ನು ಒಮ್ಮೆ ಓದಿರಿ, ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.